ತೇಲಿದರೆ ಉಪ್ಪು ಸರಿ

ಬೆಳಕೆ ಊರಿನ ಗಣಪಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಅನ್ನಕ್ಕಿಟ್ಟರೂ ಹತ್ತು ಸಲ ಮುಚ್ಚಳ ತೆಗೆದು ನೋಡಬೇಕು. ಅಂಥವಳು ಹಿತ್ತಲಲ್ಲಿ ಸಾಕಿದ ಗೌಜಲಕ್ಕಿಗಳ ಪುಟ್ಟ ಮೊಟ್ಟೆಗಳನ್ನು ಬೇಯಿಸಿ, ಸಿಪ್ಪೆ ಬಿಡಿಸಿ, ಉಪ್ಪು, ವಿನೆಗರ್, ಒಣಮೆಣಸಿನ ನೀರು ತುಂಬಿದ ಭರಣಿಗೆ ಹಾಕಿದಳು. ಒಂದು ವಾರ ಮುಟ್ಟಬೇಡ ಎಂದು ಇದನ್ನು ಹೇಳಿಕೊಟ್ಟ ನೆರೆಮನೆಯ ಮಾಲತಿ ಎಚ್ಚರಿಸಿದ್ದಳು.

ಸಂಜೆಯೊಳಗೇ ಗಣಪಿ ಮುಚ್ಚಳ ತೆಗೆದಳು. ಮೊಟ್ಟೆಗಳೆಲ್ಲ ತಳದಲ್ಲಿ ಕೂತಿದ್ದವು. ಮಾವಿನಕಾಯಿ ಉಪ್ಪಿಗೆ ಹಾಕುವಾಗ ಅವಳ ಅವ್ವ ಉಪ್ಪುನೀರಿಗೆ ಹಸಿ ಮೊಟ್ಟೆ ಬಿಟ್ಟು ನೋಡುತ್ತಿದ್ದಳು. ತೇಲಿದರೆ ಉಪ್ಪು ಸರಿ, ಮುಳುಗಿದರೆ ಸಾಲದು. ಗಣಪಿ ಒಂದು ಹಿಡಿ ಉಪ್ಪು ಸುರಿದಳು. ಮರುದಿನ ಇನ್ನೊಂದು ಹಿಡಿ. ನಾಲ್ಕನೇ ದಿನ ಮೊಟ್ಟೆಗಳೆಲ್ಲ ಮೇಲೆ ಬಂದಾಗಲೇ ಅವಳಿಗೆ ಹೋದ ಜೀವ ಬಂದದ್ದು.

ವಾರ ಕಳೆದು, ಗಂಡ ಪಾಂಡು ಗಂಜಿಯ ಜೊತೆ ಒಂದನ್ನು ಕಚ್ಚಿ ಎರಡು ಚೊಂಬು ನೀರು ಕುಡಿದ.

"ಮಾವಿನಕಾಯಿ ಉಪ್ಪು ನೋಡುಕೆ ಮೊಟ್ಟೆ ಬಿಡುದು ಸರಿ," ಎಂದ. "ಮೊಟ್ಟೆ ಉಪ್ಪು ನೋಡುಕೆ ನಿಂಗೆ ಬಾಯಿ ಇಲ್ವಾ?"

ಮರುದಿನ ಗಣಪಿ ಗಂಜಿಗೆ ಉಪ್ಪನ್ನೇ ಹಾಕದೆ, ಅವನ ಬಟ್ಟಲಿಗೆ ಒಂದು ಮೊಟ್ಟೆ ಹಿಸುಕಿ ಹಾಕಿದಳು.

"ಕಲಸ್ಕಂಡು ಉಣ್ಣು. ಉಪ್ಪು ಅದ್ರಲ್ಲೇ ಉಂಟು," ಎಂದವಳು, ಭರಣಿಯ ಮುಚ್ಚಳ ತೆಗೆಯಲು ಎದ್ದಳು.