ನನ್ನ ಸಾಲಿನ ಷರಾ

ವಿಧಾನಸಭೆಯ ಅಧಿವೇಶನ ಶುರುವಾಯಿತೆಂದರೆ ನಮ್ಮ ಕಚೇರಿಯಲ್ಲಿ ಯಾರೂ ನೆಮ್ಮದಿಯಾಗಿ ಊಟ ಮಾಡುತ್ತಿರಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಆರೋಗ್ಯ ಇಲಾಖೆಯ ಜಿಲ್ಲಾ ಕಚೇರಿ ಅದು. ಬೆಂಗಳೂರಿನಲ್ಲಿ ಶಾಸಕರೊಬ್ಬರು ಪ್ರಶ್ನೆ ಬರೆದು ಕೊಡುತ್ತಾರೆ. ಅದು ಮಂತ್ರಿಗಳಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ ಇಳಿದು, ಕೊನೆಗೆ ಯಾರೋ ಓರೆಯಾಗಿ ತೆಗೆದ ಫೋಟೋ ಆಗಿ ವಾಟ್ಸಾಪಿನಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ಕೆಳಗೆ ಒಂದೇ ಸಾಲು: ಇಂದು ಸಂಜೆ ನಾಲ್ಕರೊಳಗೆ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಓದುವ ಉತ್ತರದಲ್ಲಿ ನಮ್ಮ ಜಿಲ್ಲೆಯ ಪಾಲನ್ನು ಟೈಪ್ ಮಾಡುತ್ತಿದ್ದವಳು ನಾನು.

ನಾನು ಟೈಪಿಸ್ಟ್ ಅಲ್ಲ, ನರ್ಸ್. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರ ನನ್ನ ಜಾಗ. ಒಂದು ಕೋಣೆ, ಒಂದು ಜಗಲಿ, ಸುತ್ತ ಐದಾರು ಊರಿನ ಬಸುರಿಯರು, ಬಾಣಂತಿಯರು, ಮಕ್ಕಳು. ಮಗಳು ಹೈಸ್ಕೂಲಿಗೆ ಬಂದಾಗ ಹಾಸನದಲ್ಲೇ ಇರಬೇಕೆಂದು ನನಗೆ ಆಸೆಯಾಯಿತು. ನಮ್ಮ ಭಾವನವರಿಗೆ ಪರಿಚಯದವರಿದ್ದರು, ಹೇಳಿಸಿದೆವು. ‘ಕಚೇರಿ ಕೆಲಸದ ಹಿತದೃಷ್ಟಿಯಿಂದ’ ನಿಯೋಜನೆ ಎಂಬ ಆದೇಶ ಬಂತು. ಕಚೇರಿಗೆ ನನ್ನಿಂದ ಯಾವ ಹಿತವೂ ಬೇಕಿರಲಿಲ್ಲ, ನನಗೆ ಹಾಸನ ಬೇಕಿತ್ತು. ಕನ್ನಡ ಟೈಪಿಂಗ್ ಬರುತ್ತದೆಂದು ಗೊತ್ತಾದ ಮೇಲೆ ಅವರೂ ನನ್ನನ್ನು ಬಿಡಲಿಲ್ಲ. ಸಂಬಳ ಮಾತ್ರ ಆ ಹಳ್ಳಿಯ ಹುದ್ದೆಯಿಂದಲೇ ಆಗುತ್ತಿತ್ತು. ನಾಚಿಕೆ ಆಗಲಿಲ್ಲವೇ ಎಂದರೆ, ಮೊದಲ ಆರು ತಿಂಗಳು ಆಯಿತು. ಆಮೇಲೆ ಅಭ್ಯಾಸವಾಯಿತು.

ಬರುವಾಗ ಉಪಕೇಂದ್ರದ ಬೀಗದ ಕೈಯನ್ನು ನನ್ನ ಜೊತೆಗೇ ತಂದಿದ್ದೆ. ನಮ್ಮಲ್ಲಿ ಪದ್ಧತಿಯೇ ಹಾಗೆ. ದಾಸ್ತಾನು ಪುಸ್ತಕದಲ್ಲಿ ಯಾರ ಸಹಿ ಇದೆಯೋ ಬೀರುವಿನ ಸಾಮಾನಿಗೆ ಅವರೇ ಜವಾಬ್ದಾರರು. ತೂಕದ ಯಂತ್ರ ಕಳೆದರೂ ನಾನೇ ಹೊಣೆ, ಬಿ.ಪಿ. ಮಿಷನ್ ಮುರಿದರೂ ನಾನೇ ಹೊಣೆ. ಹಾಗಾಗಿ ಎಲ್ಲವನ್ನೂ ಭದ್ರವಾಗಿ ಒಳಗಿಟ್ಟು, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಬ್ಯಾಗಿನ ಒಳಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ್ದೆ. ಪಕ್ಕದ ಉಪಕೇಂದ್ರದ ನರ್ಸ್ ವಾರಕ್ಕೊಮ್ಮೆ ಲಸಿಕೆ ಡಬ್ಬ ಹಿಡಿದು ಅಂಗನವಾಡಿಗೆ ಬಂದು ಹೋಗುತ್ತಿದ್ದಳು. ಅವಳು ಕೀಲಿ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಆ ದಿನ ಬೆಳಿಗ್ಗೆ ಬಂದ ಪ್ರಶ್ನೆ ಹೀಗಿತ್ತು. ‘(ಅ) ಹಾಸನ ಜಿಲ್ಲೆಯ ಆರೋಗ್ಯ ಉಪಕೇಂದ್ರಗಳಲ್ಲಿ ನರ್ಸ್ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಇದರಿಂದ ಗರ್ಭಿಣಿಯರಿಗೆ ಆಗುತ್ತಿರುವ ತೊಂದರೆಗಳೇನು? (ಇ) ಯಾವಾಗ ಭರ್ತಿ ಮಾಡಲಾಗುವುದು?’

ಇಂಥ ಪ್ರಶ್ನೆಗೆ ಉತ್ತರ ಬರೆಯುವ ಒಂದು ಕೈಚಳಕವಿದೆ. ಮೊದಲನೆಯದಕ್ಕೆ ‘ಇಲ್ಲ’ ಎನ್ನುವ ದಾರಿ ಸಿಕ್ಕಿಬಿಟ್ಟರೆ ಉಳಿದ ಎರಡಕ್ಕೂ ಒಂದೇ ಪದ ಸಾಕು: ‘ಉದ್ಭವಿಸುವುದಿಲ್ಲ’. ಆ ಪದವನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ, ಕಣ್ಣು ಮುಚ್ಚಿಕೊಂಡೂ ಹೊಡೆಯಬಲ್ಲೆ.

ಹನ್ನೊಂದರ ಹೊತ್ತಿಗೆ ಹೊಳೆನರಸೀಪುರದ ಪಟ್ಟಿ ಬಂತು, ಹಿಂದೆಯೇ ಚನ್ನರಾಯಪಟ್ಟಣದ್ದು. ಆಮೇಲೆ ಅರಕಲಗೂಡಿನದು. ಉಪಕೇಂದ್ರದ ಹೆಸರು, ಭರ್ತಿ ಅಥವಾ ಖಾಲಿ, ನರ್ಸ್ ಹೆಸರು, ಷರಾ. ಒಂದೊಂದೇ ಸಾಲು ತುಂಬಿಸುತ್ತಾ ಹೋದವಳು ಒಂದು ಕಡೆ ನಿಂತೆ. ನನ್ನ ಹಳ್ಳಿ. ಭರ್ತಿ. ನನ್ನದೇ ಹೆಸರು. ಷರಾ ಕಾಲಂ ಖಾಲಿ.

ನಮ್ಮ ಸೂಪರಿಂಟೆಂಡೆಂಟ್ ನಿವೃತ್ತಿಗೆ ಹತ್ತಿರವಾಗಿದ್ದವರು, ಮನೆಯವರಂತೆ ಮಾತಾಡಿಸುತ್ತಿದ್ದರು. ‘ಸಾರ್, ಇದಕ್ಕೆ ಏನು ಬರೀಲಿ?’ ಎಂದೆ.

‘ಏನು ಬರೀತೀಯಾ? ನಿನ್ನ ಸಂಬಳ ಯಾವ ಹುದ್ದೇಲಿ ಆಗ್ತಿದೆ? ಅಲ್ಲೇ ತಾನೆ? ಅಂದ್ಮೇಲೆ ಭರ್ತಿ ಕಣಮ್ಮ. ಷರಾ ಖಾಲಿ ಬಿಡು. ಇಲ್ಲದ ಉಸಾಬರಿ ಬೇಡ.’

ಖಾಲಿ ಬಿಟ್ಟೆ.

ಅಷ್ಟರಲ್ಲಿ ಫೋನು. ನನ್ನ ಹಳ್ಳಿಯ ಆಶಾ ಕಾರ್ಯಕರ್ತೆ. ನಾನು ಊರು ಬಿಟ್ಟ ಮೇಲೆ ಬಸುರಿಯರ ಹಿಂದೆ ಒಬ್ಬಳೇ ಓಡಾಡುತ್ತಿದ್ದವಳು ಅವಳೇ.

‘ನರ್ಸಕ್ಕ, ಎಂಟು ತಿಂಗಳು ತುಂಬೈತೆ ಒಂದುಡುಗೀಗೆ. ಚೊಚ್ಚಲು. ಕಾಲು, ಮಕ ಎಲ್ಲಾ ಊದ್ಕಂಡದೆ. ತಲೆ ಸಿಡೀತದೆ ಅಂತಾಳೆ. ಕಣ್ಣು ಮಂಜಾಯ್ತದಂತೆ.’

ನನ್ನ ಕೈ ಕೀಬೋರ್ಡಿನಿಂದ ತಾನಾಗಿ ಮೇಲೆದ್ದಿತು. ಬಿ.ಪಿ. ಏರಿದರೆ ಏನಾಗುತ್ತದೆಂದು ನನಗೆ ಗೊತ್ತು. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರೂ ಹೋಗಬಹುದು. ‘ಬಿ.ಪಿ. ಎಷ್ಟಿದೆ?’ ಎಂದು ಕೇಳಿಬಿಟ್ಟೆ.

‘ಮಿಷನ್ನು ಸೆಂಟರ್ ಒಳಗೈತೆ ಕಣಕ್ಕ. ಬೀಗದ ಕೈ ನಿಮ್ತಾವ ಐತಲ್ಲ.’

ಅವಳು ಆಕ್ಷೇಪಿಸಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ತಕ್ಷಣ ಆಂಬುಲೆನ್ಸ್ ಕರೆಸಿ ಅರಕಲಗೂಡಿನ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಇನ್ನೊಂದು ಪಟ್ಟಿ ತುಂಬಿದೆ. ಕಣ್ಣು ಮಾತ್ರ ಫೋನಿನ ಮೇಲೇ ಇತ್ತು.

ಒಂದೂವರೆಗೆ ಮತ್ತೆ ಫೋನು. ಆಂಬುಲೆನ್ಸ್ ಬಂತಂತೆ, ಹುಡುಗಿಯ ಅತ್ತೆ ವಾಪಸ್ಸು ಕಳಿಸಿದಳಂತೆ. ಹೆರಿಗೆಗೆ ಇನ್ನೂ ದಿನ ಇರುವಾಗ ಆಸ್ಪತ್ರೆ ಯಾಕೆ, ಮಗ ಶಾಂತಿಗ್ರಾಮದ ಕಡೆ ಶುಂಠಿ ಲೋಡಿಗೆ ಹೋಗಿದ್ದಾನೆ, ಅವನು ಬರಲಿ ಎಂದು ಹಟ. ‘ನೀವೇ ಒಂದ್ಮಾತು ಯೋಳಿ’ ಎಂದು ಆಶಾ ಆ ಅತ್ತೆಯ ಕೈಗೆ ಫೋನು ಕೊಟ್ಟಳು.

‘ಅಮ್ಮಾ, ನಾನು ನಿಮ್ಮೂರ ನರ್ಸು...’ ಎಂದು ಶುರು ಮಾಡಿದೆ.

‘ಯಾವ ನರ್ಸಮ್ಮ? ವರ್ಸಗಟ್ಲೆ ನಿನ್ ಮೊಕನೇ ಕಂಡಿಲ್ವಲ್ಲವ್ವ ನಾನು! ನಂಗೂ ನಾಕು ಎರ್ಗೆ ಆಗೈತೆ, ನಾಕಕ್ಕೂ ಕಾಲು ಊದಿತ್ತು. ನಮ್ಮೂರ ನರ್ಸಾಗಿದ್ರೆ ಬಂದು ನೋಡಿ ಯೋಳು. ಇಲ್ಲಾಂದ್ರೆ ಪೋನ್ ಮಡುಗು.’

ಅವಳೇ ಫೋನಿಟ್ಟಳು. ಇತ್ತ ಸೂಪರಿಂಟೆಂಡೆಂಟ್, ‘ಬೆಂಗಳೂರಿಂದ ಎರಡು ಸಲ ಕೇಳಿದ್ರು ಕಣಮ್ಮ, ಪ್ರಿಂಟ್ ತೆಗಿ’ ಎಂದು ಅವಸರಪಡಿಸುತ್ತಿದ್ದರು. ಪ್ರಿಂಟ್ ತೆಗೆದೆ. ಪಟ್ಟಿಗಳ ಪ್ರಕಾರ ಎಲ್ಲ ಹುದ್ದೆಯೂ ಭರ್ತಿ. (ಅ) ಇಲ್ಲ. (ಆ) ಉದ್ಭವಿಸುವುದಿಲ್ಲ. (ಇ) ಉದ್ಭವಿಸುವುದಿಲ್ಲ. ಗರ್ಭಿಣಿಯರಿಗೆ ಆಗುತ್ತಿರುವ ತೊಂದರೆಗಳೇನು, ಉದ್ಭವಿಸುವುದಿಲ್ಲ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅದನ್ನು ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಗಳ ಕೋಣೆಗೆ ಹೋದೆ. ಅವರು ಹಾಳೆ ತಿರುವುತ್ತಾ ಸಹಿ ಹಾಕತೊಡಗಿದರು. ‘ಎಲ್ಲ ಸರಿಯಾಗಿದೆಯಾ?’ ಎಂದು ವಾಡಿಕೆಯಂತೆ ಕೇಳಿದರು. ವಾಡಿಕೆಯಂತೆ ‘ಆಗಿದೆ ಸಾರ್’ ಎನ್ನಬೇಕಿತ್ತು.

‘ಇಲ್ಲ ಸಾರ್’ ಎಂದೆ. ‘ಅರಕಲಗೂಡಿನ ಪಟ್ಟಿಯಲ್ಲಿ ನನ್ನ ಸಾಲು ನೋಡಿ. ಭರ್ತಿ ಅಂತ ಇದೆ. ನಾನು ಇಲ್ಲಿ ನಿಂತಿದ್ದೀನಿ. ಅಲ್ಲೊಬ್ಬಳು ಹುಡುಗಿ ಈಗ ಫಿಟ್ಸ್ ಬರೋ ಸ್ಥಿತಿಯಲ್ಲಿದ್ದಾಳೆ. ಷರಾದಲ್ಲಿ ನಿಯೋಜನೆ ಅಂತ ಬರೀಬೇಕು ಸಾರ್. ಆಮೇಲೆ ನನಗೆ ಈಗಲೇ ರಜೆ ಬೇಕು.’

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಅವರು ಕಿಟಕಿಯ ಕಡೆ ನೋಡಿ, ಗಡಿಯಾರ ನೋಡಿ, ಮೆಲ್ಲಗೆ ಹೇಳಿದರು: ‘ನಿನ್ನ ಸಾಲು ನಿನ್ನಿಷ್ಟ. ಬೇರೆಯವರ ಸಾಲು ಮುಟ್ಟಬೇಡ.’

ಬೇರೆಯವರು ಇದ್ದರು. ನನ್ನ ಹಾಗೆ ಹಳ್ಳಿಯ ಹುದ್ದೆಯಲ್ಲಿ ಸಂಬಳ, ಹಾಸನದಲ್ಲಿ ಕುರ್ಚಿ. ಅವರ ಹೆಸರು, ಊರು ಎಲ್ಲ ನನಗೆ ಬಾಯಿಪಾಠ. ವಾದ ಮಾಡುವಷ್ಟು ಧೈರ್ಯವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ನನ್ನ ಸಾಲಿಗೆ ಮಾತ್ರ ‘ನಿಯೋಜನೆ ಮೇರೆಗೆ ಹಾಸನ ಕಚೇರಿಯಲ್ಲಿ ಕರ್ತವ್ಯ’ ಎಂದು ಟೈಪ್ ಮಾಡಿ, ಹಾಳೆ ಬದಲಿಸಿ, ಬ್ಯಾಗು ಹಿಡಿದು ಓಡಿದೆ.

ಅರಕಲಗೂಡಿನ ಬಸ್ಸು ಅವತ್ತಿನಷ್ಟು ನಿಧಾನವಾಗಿ ಎಂದೂ ಹೋಗಿರಲಿಲ್ಲ. ಯಾರು ಕೈ ತೋರಿಸಿದರೂ ನಿಲ್ಲಿಸುತ್ತಿದ್ದ ಡ್ರೈವರನ್ನು ಮನಸ್ಸಿನಲ್ಲೇ ಬೈದೆ. ಬ್ಯಾಗಿನ ಒಳಜೇಬಿನಲ್ಲಿ ಕೀಲಿ ಇದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಅರಕಲಗೂಡಿನಲ್ಲಿ ಆಟೋ ಹಿಡಿದು ಹಳ್ಳಿ ಸೇರುವಾಗ ನಾಲ್ಕು ದಾಟಿತ್ತು. ನಾನು ಟೈಪ್ ಮಾಡಿದ ಉತ್ತರ ಅಷ್ಟರಲ್ಲಿ ಬೆಂಗಳೂರಿಗೆ ತಲುಪಿರಬೇಕು.

ಉಪಕೇಂದ್ರದ ಬೀಗ ತುಕ್ಕು ಹಿಡಿದಿತ್ತು. ಆಶಾ ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸಿದಳು. ಬೀರು ತೆಗೆದು ಮಿಷನ್ ಹಿಡಿದು ಆ ಮನೆಗೆ ನುಗ್ಗಿದೆ. ಹುಡುಗಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಳು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದೆ. ನೂರಾ ಎಪ್ಪತ್ತು, ನೂರಾ ಹತ್ತು. ಇನ್ನೊಮ್ಮೆ ನೋಡಿದೆ, ಅಷ್ಟೇ.

‘ಈಗಲೇ ಹೊರಡಬೇಕಮ್ಮ. ತಡ ಮಾಡಿದ್ರೆ ಇಬ್ಬರೂ ಉಳಿಯಲ್ಲ’ ಎಂದೆ. ಅತ್ತೆ ವಾದ ಮಾಡಲಿಲ್ಲ. ಅವಳ ದೃಷ್ಟಿ ಮಿಷನ್ನಿನ ಮೇಲಿತ್ತು.

‘ಇದು ಇಷ್ಟು ದಿವ್ಸ ಇಲ್ಲೇ ಇತ್ತಾ?’

‘ಇಲ್ಲೇ ಇತ್ತು.’

‘ಬೀಗದ ಕೈ ಯಾರ್ತಾವಿತ್ತು?’

‘ನನ್ನ ಹತ್ರ’ ಎಂದೆ. ಅವಳು ಸೊಸೆಯ ಸೀರೆ, ತಾಯಿ ಕಾರ್ಡು ಚೀಲಕ್ಕೆ ತುಂಬಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಮತ್ತೆ ಕರೆಸಿದ ಆಂಬುಲೆನ್ಸಿನಲ್ಲಿ ನಾನೂ ಹೋದೆ. ಅರಕಲಗೂಡಿನಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, ಹಾಸನಕ್ಕೆ ಕಳಿಸಿದರು. ಹಾಸನ ಇನ್ನೇನು ಬಂತು ಎನ್ನುವಾಗ ಒಮ್ಮೆ ಫಿಟ್ಸ್ ಬಂದೇಬಿಟ್ಟಿತು. ಅವಳ ತಲೆಯನ್ನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದು, ಇದ್ದ ಬದ್ದ ದೇವರನ್ನೆಲ್ಲ ಕರೆದೆ. ಆಪರೇಷನ್ ಆಯಿತು. ಹೆಣ್ಣು ಮಗು, ಅಂಗೈಯಗಲ. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ ಮೂರನೇ ದಿನ ಕಣ್ಣು ಸ್ಪಷ್ಟವಾಗಿ ಕಾಣುತ್ತಿದೆ ಎಂದಳು. ಇಬ್ಬರೂ ಉಳಿದರು.

ಆ ವಾರವೇ ಪ್ರಶ್ನೆ ಸದನಕ್ಕೆ ಬಂತು. ಕಚೇರಿಯಲ್ಲಿ ಎಲ್ಲರೂ ಒಂದು ಮೊಬೈಲಿಗೆ ಮುತ್ತಿಕೊಂಡು ನೋಡಿದೆವು. ಮಂತ್ರಿಗಳು ‘ಹುದ್ದೆ ಖಾಲಿ ಇಲ್ಲ’ ಎಂದು ಓದಿದರು. ನಮ್ಮ ಜಿಲ್ಲೆಯ ಶಾಸಕರು ಉತ್ತರಕ್ಕೆ ಅನುಬಂಧವಾಗಿದ್ದ ನಮ್ಮ ಪಟ್ಟಿಯ ಹಾಳೆ ಮೇಲೆತ್ತಿದರು. ‘ಸಭಾಧ್ಯಕ್ಷರೇ, ಹುದ್ದೆ ಅರಕಲಗೂಡಿನ ಹಳ್ಳೀಲಿ, ನರ್ಸ್ ಹಾಸನದ ಕಚೇರೀಲಿ. ಅಲ್ಲಿ ಫೈಲುಗಳಿಗೆ ಹೆರಿಗೆ ಮಾಡಿಸ್ತಾರಾ ಇವರು?’

ಸದನ ನಕ್ಕಿತು. ಮೊಬೈಲಿನ ಸುತ್ತ ನಿಂತವರು ನಗಲಿಲ್ಲ. ಎಲ್ಲರೂ ನನ್ನತ್ತ ನೋಡಿದರು, ಅವರಲ್ಲಿ ಇಬ್ಬರು ನನ್ನಂತೆಯೇ ನಿಯೋಜನೆಯ ಮೇಲೆ ಬಂದವರು. ಮಂತ್ರಿಗಳು ಕ್ರಮ ಕೈಗೊಳ್ಳುವುದಾಗಿ ಭರವಸೆ ಕೊಟ್ಟರು. ನಾಲ್ಕೇ ದಿನಕ್ಕೆ ಆದೇಶ ಬಂತು, ನನ್ನ ನಿಯೋಜನೆ ರದ್ದು. ನನ್ನೊಬ್ಬಳದೇ. ಷರಾ ಇದ್ದದ್ದು ನನ್ನ ಸಾಲಿಗೆ ಮಾತ್ರ ತಾನೆ? ಉಳಿದವರೆಲ್ಲ ಕಾಗದದ ಮೇಲೆ ಅವರವರ ಹಳ್ಳಿಯಲ್ಲೇ ಇದ್ದರು. ಸಿಟ್ಟು ಬಂತು. ಆ ಸಾಲುಗಳನ್ನು ಖಾಲಿ ಬಿಟ್ಟ ಕೈಯೂ ನನ್ನದೇ ಎಂದು ನೆನಪಾಗಿ ಆ ಸಿಟ್ಟನ್ನು ನುಂಗಿಕೊಂಡೆ.

ಈಗ ದಿನಾ ಬೆಳಿಗ್ಗೆ ಹಾಸನದಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಮೊದಲ ದಿನ ಸಂಜೆ ಉಪಕೇಂದ್ರಕ್ಕೆ ಬೀಗ ಹಾಕಿ ತಿರುಗಿದರೆ, ಆ ಅತ್ತೆ ಜಗಲಿಯ ಕೆಳಗೆ ನಿಂತಿದ್ದಳು. ಸೊಂಟದಲ್ಲಿ ಮೊಮ್ಮಗಳ ಬಟ್ಟೆಯ ಗಂಟು, ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಒಳ್ಳೆಯ ಮಾತಾಡಬಹುದೆಂದು ನಾನು ನಕ್ಕೆ. ಅವಳು ನಗದೆ ಕೈ ಚಾಚಿದಳು.

‘ಬೀಗದ ಕೈ ಇಲ್ಲೇ ಮಡುಗೋಗವ್ವ. ನೀನು ಇವತ್ತು ಬತ್ತೀಯ, ನಾಳೀಕೆ ಇನ್ಯಾರೋ ಕರದ್ರು ಅಂತ ಒಂಟೋಯ್ತೀಯ. ಮಿಷನ್ನಾದ್ರೂ ಊರಲ್ಲಿರ್ಲಿ.’

ದಾಸ್ತಾನು ಪುಸ್ತಕದಲ್ಲಿ ಇರುವುದು ನನ್ನ ಸಹಿ, ಏನಾದರೂ ಕಳೆದರೆ ನಾನೇ ಹೊಣೆ ಎಂಬ ಮಾತು ಬಾಯಿಗೆ ಬಂತು. ಆದರೂ ಕೀಲಿ ಅವಳ ಅಂಗೈಗೆ ಹಾಕಿ ಬಸ್ಸಿಗೆ ನಡೆದೆ.

ಮರುದಿನದಿಂದ ನಾನು ಬಸ್ಸಿಳಿದು ಮೊದಲು ಹೋಗುವುದು ಅವಳ ಮನೆಗೆ. ಅವಳು ಮೊಳೆಯಿಂದ ಕೀಲಿ ತೆಗೆದು ಕೊಡುತ್ತಾಳೆ. ಸಂಜೆ ಹಿಂದಿರುಗಿಸುವವರೆಗೂ ಬಾಗಿಲಲ್ಲೇ ಕೂತಿರುತ್ತಾಳೆ.