ಎರಡು ಐಚ್ಛಿಕ, ಒಬ್ಬರೇ ಅಕ್ಕೋರು

ಕೀಬೋರ್ಡಿನ ಸ್ಪೇಸ್ ಬಾರಿನ ಮೇಲೆ, ನಡುವಿನಿಂದ ಸ್ವಲ್ಪ ಎಡಕ್ಕೆ, ಕೆಂಪು ಹೆಬ್ಬೆರಳ ಗುರುತೊಂದಿತ್ತು. ನಾಟಕದವರು ಮುಖಕ್ಕೆ ಹಚ್ಚುವ ಬಣ್ಣದ್ದು. ನಾನು ಒರೆಸಲು ಹೋದಾಗ ಸುಮಿತ್ರಾ ಅಕ್ಕೋರು ತಡೆದರು: "ಬಿಡೇ, ಇರ್ಲಿ. ಹೆಬ್ಬೆರಳು ಎಲ್ಲಿಡೂದು ಅಂತ ನೀವು ಕೇಳೂದಾದ್ರೂ ತಪ್ತದೆ."

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ತೊಂಬತ್ತರ ದಶಕದ ಕೊನೆಗೆ ಸಿದ್ದಾಪುರದ ನಮ್ಮ ಹೈಸ್ಕೂಲಿನಲ್ಲಿ ಎಂಟನೆಯ ತರಗತಿಗೆ ಎರಡು ಐಚ್ಛಿಕ ವಿಷಯಗಳು ಬಂದವು: ಕಂಪ್ಯೂಟರ್, ಇಲ್ಲವೇ ನಾಟಕ. ಹೊಲಿಗೆ ಕಲಿಸುತ್ತಿದ್ದ ಸುಮಿತ್ರಾ ಅಕ್ಕೋರಿಗೆ ಪಿರಿಯಡ್ ಕಡಿಮೆ ಎಂದು ಹೆಡ್‌ಮಾಸ್ತರರು ಎರಡನ್ನೂ ಅವರಿಗೇ ವಹಿಸಿದರು. ಕಂಪ್ಯೂಟರಿಗೆ ಕಾರವಾರದಲ್ಲಿ ಹದಿನೈದು ದಿನಗಳ ತರಬೇತಿಯಾಗಿತ್ತು. ನಾಟಕಕ್ಕೆ ಅದೂ ಇಲ್ಲ. ಹೊಲಿಗೆ ಕೋಣೆಯಲ್ಲೇ ಎರಡೂ ತರಗತಿ. ಇದ್ದ ಒಂದೇ ಕಂಪ್ಯೂಟರಿಗೆ ನಾಟಕದ ಹಳೆಯ ಪರದೆ ಕತ್ತರಿಸಿ, ನೆರಿಗೆ ಇಟ್ಟು, ಹೊದಿಕೆ ಹೊಲಿದಿದ್ದರು. ಯಾವ ಪಾಠವಾದರೂ ಅವರ ಕೊರಳಿನಲ್ಲಿ ಅಳತೆಯ ಟೇಪು ಇರಲೇಬೇಕು.

"ಕಂಪ್ಯೂಟರೇ ತಗ," ಎಂದಿದ್ದಳು ಅಮ್ಮ. "ನಾಟಕಕ್ಕೆ ಬಾಯಿ ಬೇಕು. ನಿಂಗೆ ಅದು ಇಲ್ಲೆ." ನನಗೂ ಬೇಕಿದ್ದದ್ದು ಅದೇ, ಮಾತಾಡದೆ ಮುಗಿಯುವ ವಿಷಯ.

ಆದರೆ ಕರೆಂಟು ಇರಬೇಕಲ್ಲ. "ಹೋಯ್ತಾ? ಏಳಿ, ಈಗ ನೀವೇ ಕಂಪ್ಯೂಟರು" ಎನ್ನುತ್ತಿದ್ದರು ಅಕ್ಕೋರು. ಕಂಪ್ಯೂಟರಿನವರು ಆಜ್ಞೆ ಬರೆಯಬೇಕು, ನಾಟಕದವರು ಅದನ್ನು ಅಕ್ಷರಶಃ ಮಾಡಬೇಕು. "ಬರೆದಷ್ಟೇ ಮಾಡೂದು. ಬುದ್ಧಿ ಓಡಿಸಿದವ್ರು ಹೊರಗೆ."

ಒಂದು ದಿನ ನಾನು ಬರೆದೆ: ಜಗಲಿಯ ನಲ್ಲಿಯಿಂದ ಬಕೆಟ್ಟು ತುಂಬಿಸು, ಹಂಡೆಗೆ ಸುರಿ, ಮತ್ತೆ ಹಾಗೇ ಮಾಡು. ಎಲ್ಲಿ ನಿಲ್ಲಿಸಬೇಕೆಂದು ಬರೆಯಲಿಲ್ಲ. ನಾಟಕದ ಗಂಗಾ ಸುರಿದಳು, ಸುರಿದಳು. ಹಂಡೆ ಉಕ್ಕಿ ನೀರು ಜಗಲಿ ದಾಟಿ ಹೆಡ್‌ಮಾಸ್ತರರ ಕೋಣೆಯತ್ತ ಹೊರಟಿತು.

"ನನ್ನ ಲಂಗ ಒದ್ದೆ ಆಯ್ತು ಮಾರಾಯ್ತಿ, ಎಂತಾದ್ರೂ ಬರಿಯೇ!" ಎಂದಳು ಗಂಗಾ, ಮತ್ತೊಂದು ಬಕೆಟ್ಟು ಸುರಿಯುತ್ತ.

ನಾನು ಪೆನ್ನಿನ ಮುಚ್ಚಳ ತೆಗೆದೆ. "ಬರೆಯೂಕೆ ಈಗ ಹೊತ್ತಿಲ್ಲ. ಬಾಯಲ್ಲಿ ಹೇಳು," ಎಂದರು ಅಕ್ಕೋರು. ನಿಲ್ಲಿಸು ಎಂದೆ. "ಕೇಳ್ಲಿಲ್ಲ." ಮತ್ತೆ ಹೇಳಿದೆ. "ನಂಗೇ ಕೇಳ್ಲಿಲ್ಲ, ಅವಳಿಗೆಂತ ಕೇಳ್ತದೆ?" ಮೂರನೆಯ ಸಲ ಕೂಗಿದೆ. ಗಂಗಾ ನಿಂತಳು. ಪ್ಯಾಂಟು ಮೇಲೆತ್ತಿಕೊಂಡು ಬಾಗಿಲಿಗೆ ಬಂದ ಹೆಡ್‌ಮಾಸ್ತರರು, "ಇದೆಂತಾ ಪಾಠ ಅಕ್ಕೋರೆ?" ಎಂದರು.

"ಮುಗೀತು ಸರ್," ಎಂದರು ಅಕ್ಕೋರು. "ಈಗಷ್ಟೇ ನಿಲ್ಲಿಸೂಕೆ ಕಲಿತ್ಲು."

ಒಂಬತ್ತು-ಹತ್ತು ವರ್ಷಗಳ ನಂತರ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದೆ. ಅಕ್ಕೋರು ಆಗಷ್ಟೇ ನಿವೃತ್ತರಾಗಿದ್ದರು. ಕಂಪ್ಯೂಟರ್ ಕಲಿಸಲು ಶಾಲೆಯವರು ನನ್ನನ್ನು ಕರೆದಿದ್ದರು, ನಾಟಕಕ್ಕೆ ಯಾರನ್ನೂ ಕರೆದಿರಲಿಲ್ಲ. ಭಾನುವಾರ ಹತ್ತಿರದ ಬಿಳಗಿಯಲ್ಲಿದ್ದ ಅವರ ಮನೆಗೆ ಹೋದೆ. ಯಲ್ಲಾಪುರದ ಮಗಳ ಮನೆಗೆ ಹೊರಟು, ಹೊಲಿಗೆ ಯಂತ್ರಕ್ಕೆ ಗೋಣಿ ಸುತ್ತುತ್ತಿದ್ದರು.

"ನಾಟಕಕ್ಕೆ ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ," ಎಂದರು. "ನಾಳೆ ಮೊದಲ್ನೇ ಪಿರಿಯಡ್ಡು ಅವ್ರದ್ದು. ಯಾರೂ ಹೋಗ್ದಿದ್ರೆ ಗಣಿತಕ್ಕೆ ಕೂರಿಸ್ತಾರೆ. ಒಂದ್ಸಲ ಕೂರಿಸಿದ್ರೆ ಮುಗೀತು, ನಾಟಕ ಮತ್ತೆ ಟೈಂಟೇಬಲ್ಲಿಗೆ ಬರೂದಿಲ್ಲ."

"ಅಕ್ಕೋರೆ, ನನಗೆ ನಾಟಕ ಬರುವುದಿಲ್ಲ."

"ನಂಗೆ ಬರ್ತಿತ್ತು ಅಂತ ನಿಂಗೆ ಯಾರು ಹೇಳಿದ್ರು?" ಹಲ್ಲಿನಲ್ಲಿ ಸುತಳಿ ಕಚ್ಚಿ ಗಂಟು ಬಿಗಿದರು. "ದಬ್ಬಣ ಕೊಡು ಇಲ್ಲಿ."

ಕೊಟ್ಟೆ. ನಾನು ಒಪ್ಪಲೂ ಇಲ್ಲ, ಅವರು ಮತ್ತೆ ಕೇಳಲೂ ಇಲ್ಲ. ಆ ಮಳೆಗಾಲದಲ್ಲಿ ಯಲ್ಲಾಪುರದಲ್ಲೇ ತೀರಿಕೊಂಡರು. ನಾನು ಅವರನ್ನು ನೋಡಿದ್ದು ಆ ಭಾನುವಾರವೇ ಕೊನೆ.

ಮರುದಿನ, ಸೋಮವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿಯುವ ಮೊದಲೇ ಹೊಲಿಗೆ ಕೋಣೆಗೆ ಹೋದೆ. ಗಂಟೆಯಾದಾಗ ಮಕ್ಕಳ ಹಿಂದೆಯೇ ಗಣಿತದ ಮಾಸ್ತರರು ಬಂದರು. "ಸರ್, ಇದು ನಾಟಕದ ಪಿರಿಯಡ್. ನಾನು ತೆಗೆದುಕೊಳ್ಳುತ್ತೇನೆ," ಎಂದೆ. ಅವರು ಹೊರಟ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ, ಹನ್ನೊಂದೂ ಜನರನ್ನು ಸುತ್ತ ನಿಲ್ಲಿಸಿ, ನಡುವೆ ನಾನು ನಿಂತೆ.