ಸುಣ್ಣ ಸವರಿದ ಮಡಕೆ

ನನ್ನ ಮೇಜಿನ ಮೇಲಿನ ಲೋಟದ ತಳದಲ್ಲಿ ಕಾಫಿಯ ಕಂದು ವರ್ತುಲವೊಂದು ಶಾಶ್ವತವಾಗಿ ನೆಲೆಸಿದೆ. ಮನೆಯಾಕೆ ಅದನ್ನು ಆಲಸ್ಯವೆನ್ನುತ್ತಾಳೆ, ನಾನು ಪ್ರಾಯಶ್ಚಿತ್ತವೆನ್ನುತ್ತೇನೆ. ಪಾತ್ರೆ ತಿಕ್ಕಲು ನನ್ನ ಕೈ ಹಿಂಜರಿಯುವುದಕ್ಕೆ ಒಂದು ಪೂರ್ವವೃತ್ತಾಂತವಿದೆ, ಕೇಳಿ.

ಐವತ್ತರ ದಶಕದ ಕೊನೆಗೆ, ಘಟ್ಟದ ಮೇಲಿನಿಂದ ಪುತ್ತೂರಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ಹೊಸತರಲ್ಲಿ, ಶುಚಿತ್ವವೆಂಬುದು ನನ್ನ ಮೈಮೇಲೆ ಬಂದಿತ್ತು. ನೆರೆಯ ಬಾಬು ಪೂಜಾರಿ ತಾಳೆಮರದಿಂದ ಸಿಹಿರಸ ಇಳಿಸಿದರೆ, ಅವರ ಹೆಂಡತಿ ಸೇಸಕ್ಕ ಅದನ್ನು ಕಾಯಿಸಿ, ತೆಂಗಿನ ಗೆರಟೆಗಳಿಗೆ ಹೊಯ್ದು ಬೆಲ್ಲ ಮಾಡುತ್ತಿದ್ದರು. ಒಂದು ಸಂಜೆ ಬೇಲಿಯ ಬಳಿ ಕವುಚಿಟ್ಟಿದ್ದ ಅವರ ಮಡಕೆಗಳ ಒಳಮೈಯಲ್ಲಿ ಬಿಳಿಯ ಕರೆ ಕಂಡು, ಕೇವಲ ಪರೋಪಕಾರಾರ್ಥವಾಗಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದಿಟ್ಟೆ. ಬಾಬಣ್ಣ ಒಳಗೆ ನೋಡದೆ ಅವನ್ನೇ ಮರಕ್ಕೆ ಕಟ್ಟಿದರು.

ಮರುದಿನದ ಪಾಕ ಎಷ್ಟು ಕಾಯಿಸಿದರೂ ಗಟ್ಟಿಯಾಗಲಿಲ್ಲ. ಅದು ಹೆರಿಗೆಗೆ ಬಂದಿದ್ದ ಮಗಳ ಬಾಣಂತಿ ಮದ್ದಿಗೆ ಬೇಕಾದ ಬೆಲ್ಲ. ಸೇಸಕ್ಕ ಜಗಲಿಯಲ್ಲಿ ಕುಸಿದು ಕೂತರು.

"ಇಪ್ಪತ್ತು ವರ್ಷದಲ್ಲಿ ಹೀಗೆ ಆದದ್ದಿಲ್ಲ ಮಾಷ್ಟ್ರೇ. ನನ್ನ ಕೈಗುಣ ಹೋಯ್ತು. ಇನ್ನು ಈ ಕೈಯಲ್ಲಿ ಮಗುವನ್ನು ಮುಟ್ಟುದಿಲ್ಲ ನಾನು."

ದಿನವೂ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುತ್ತಿದ್ದವರು ಅವರೇ. ಆ ಬಿಳಿಯದು ರಸ ಹುಳಿಯದಂತೆ ಸವರಿದ ಸುಣ್ಣವೆಂದು ನನಗೆ ಆಗ ಹೊಳೆಯಿತು. ಹೊಳೆದೊಡನೆ ಉಪನ್ಯಾಸ ಆರಂಭಿಸಿದೆ. ಗಾಳಿಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ. ಅವುಗಳ ಬಳಿ ಒಂದು ಕಿಣ್ವವಿದೆ. ಸಕ್ಕರೆಯೆಂಬುದು ಎರಡು ಸಣ್ಣ ಸಕ್ಕರೆಗಳ ದಾಂಪತ್ಯ. ಕಿಣ್ವದ ಗುಳಿಯಲ್ಲಿ ಅದು ಬೀಗದೊಳಗಿನ ಕೀಲಿಯಂತೆ ಕೂರುತ್ತದೆ, ಕೂತೊಡನೆ ಜೋಡಿ ಬೇರೆಯಾಗುತ್ತದೆ, ಬೇರೆಯಾದವು ಹರಳುಗಟ್ಟಲು ಬಿಡುವುದಿಲ್ಲ. ಕಿಣ್ವ ಮಾತ್ರ, ಮನೆ ಮುರಿದು ಮುಂದಿನ ಮನೆಗೆ ನಡೆಯುವ ನೆಂಟನಂತೆ, ತಾನು ಕಿಂಚಿತ್ತೂ ಬದಲಾಗದೆ ಇನ್ನೊಂದು ಜೋಡಿಯನ್ನು ಹುಡುಕುತ್ತದೆ. ಆ ಗುಳಿಯಲ್ಲಿ ಎರಡು ಆಮ್ಲದ ಕೈಗಳಿವೆಯೆಂದೂ, ಒಂದು ಸಕ್ಕರೆಯನ್ನು ಹಿಡಿದರೆ ಇನ್ನೊಂದು ಬೆಸುಗೆಗೆ ಪ್ರೋಟಾನೊಂದನ್ನು ಕೊಟ್ಟು ಬಿಡಿಸುತ್ತದೆಯೆಂದೂ, ಸುಣ್ಣ ಆ ಪ್ರೋಟಾನನ್ನೇ ಕಸಿದುಕೊಳ್ಳುತ್ತದೆಯೆಂದೂ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದ್ದರೆ ಅಂದು ಅದನ್ನೂ ಹೇಳಿಬಿಡುತ್ತಿದ್ದೆ. ಮಡಕೆ ತೊಳೆದವರು ಯಾರೆಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.

ಸೇಸಕ್ಕ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಅವರ ಬಚ್ಚಲಿನಿಂದ ಮಗುವಿನ ಅಳು ಕೇಳಿ ಬೇಲಿ ದಾಟಿ ಹೋದೆ. ಮಗಳೇ ಹಸಿಮೈಯಲ್ಲಿ ಬಗ್ಗಿ ಮೀಯಿಸುತ್ತಿದ್ದಳು. ಅಜ್ಜಿ ಬಾಗಿಲ ಹೊರಗೆ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ಸೇಸಕ್ಕ, ನಿಮ್ಮ ಮಡಕೆಯ ಸುಣ್ಣ ತೊಳೆದದ್ದು ನಾನು."

ಅವರು ನನ್ನನ್ನೇ ನೋಡಿದರು. ಒಳಗೆ ಹೋಗಿ ಕಾಲು ಚಾಚಿ ಕೂತು, ಮಗುವನ್ನು ಎತ್ತಿಕೊಂಡರು. ಅಳು ನಿಂತಿತು. ಆಮೇಲೆ, ಬೆನ್ನು ತಿರುಗಿಸಿಕೊಂಡೇ, ಹೇಳಿದರು:

"ನಿನ್ನೆ ಅಷ್ಟೆಲ್ಲ ಹೇಳಿದಿರಲ್ಲ ಮಾಷ್ಟ್ರೇ, ಇದೊಂದು ಮಾತು ಹೇಳಬಾರದಿತ್ತಾ?"

ಅಂದಿನಿಂದ ಎಷ್ಟೋ ಪಾಠ ಮಾಡಿದ್ದೇನೆ. ಕೇಳದೆ ಯಾರ ಪಾತ್ರೆಯನ್ನೂ ತೊಳೆದಿಲ್ಲ.

ಅಂದಹಾಗೆ, ಲೋಟದ ಕರೆ ಪ್ರಾಯಶ್ಚಿತ್ತವೆಂದೆನಲ್ಲ, ಅದು ಸುಳ್ಳು. ಆಲಸ್ಯವೇ.